ದಂಡ ಹಾಕಿದರೆ ಅವರು ಮುಂದಿನ ಊರಿಗೆ ಹೋಗುತ್ತಾರೆ, ಅಷ್ಟೇ

ಸಂಪಾದಕರಿಗೆ ನಮಸ್ಕಾರ.

ಇಲ್ಲದ ಕಾಯಿಲೆ ಹೇಳಿಕೊಂಡು ಆಸ್ಪತ್ರೆಯ ಬೆಡ್ ಹಿಡಿಯುವವರಿಗೆ ದಂಡ ಹಾಕಬೇಕು ಎಂದು ಓದುಗರೊಬ್ಬರು ಬರೆದಿದ್ದರು. ನಾನು ವಾರ್ಡಿನಲ್ಲಿ ದುಡಿದು ನಿವೃತ್ತಳಾದ ನರ್ಸ್. ಅವರ ಸಿಟ್ಟು ನನಗೆ ಹೊಸದಲ್ಲ. ಆದರೆ ದಂಡ ಯಾರಿಗೆ ಹಾಕುತ್ತೀರಿ?

ರಜೆಗೋ, ಇನ್ಶೂರೆನ್ಸ್ ದುಡ್ಡಿಗೋ ಬೆನ್ನುನೋವು ಅನ್ನುವವರು ಇದ್ದಾರೆ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ನೋವು ಮಾಯ. ಇವರ ವಿಷಯ ಬಿಡಿ.

ಇನ್ನು ಕೆಲವರಿಗೆ ದುಡ್ಡೂ ಬೇಡ, ರಜೆಯೂ ಬೇಡ, ರೋಗಿಯಾಗಿ ಮಲಗುವುದೇ ಬೇಕು. ಥರ್ಮಾಮೀಟರನ್ನು ಬಿಸಿ ಚಹಾಕ್ಕೆ ಅದ್ದುತ್ತಾರೆ, ಬೆರಳು ಚುಚ್ಚಿ ಮೂತ್ರದ ಡಬ್ಬಿಗೆ ರಕ್ತ ಹಾಕುತ್ತಾರೆ, ಶುಗರ್ ಕಾಯಿಲೆ ಇಲ್ಲದಿದ್ದರೂ ಕದ್ದು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. 1951ರಲ್ಲಿ ರಿಚರ್ಡ್ ಆಷರ್ ಎಂಬ ಬ್ರಿಟಿಷ್ ವೈದ್ಯರು ಇಂಥವರ ಬಗ್ಗೆ ಬರೆದು ಮುಂಚೌಸೆನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಪತ್ತೆ ಹಚ್ಚಲು ದಾರಿಯೂ ಇದೆ. ದೇಹವೇ ಇನ್ಸುಲಿನ್ ತಯಾರಿಸಿದರೆ ಅದರ ಜೊತೆಗೆ ಸಿ-ಪೆಪ್ಟೈಡ್ ಎಂಬ ಇನ್ನೊಂದು ತುಣುಕೂ ರಕ್ತಕ್ಕೆ ಬರುತ್ತದೆ, ಹೊರಗಿನಿಂದ ಚುಚ್ಚಿಕೊಂಡಿದ್ದರೆ ಇನ್ಸುಲಿನ್ ಜಾಸ್ತಿ ಇದ್ದು ಸಿ-ಪೆಪ್ಟೈಡ್ ಕಡಿಮೆ ಇರುತ್ತದೆ. ಸಿಕ್ಕಿಬಿದ್ದರು ಎಂದು ನಗುವ ಹಾಗಿಲ್ಲ, ಶುಗರ್ ಇಳಿದು ಜೀವವೇ ಹೋಗಬಹುದು. ಕಾಯಿಲೆ ಸುಳ್ಳು, ಅಪಾಯ ನಿಜ.

ಹೆಚ್ಚು ಬೈಸಿಕೊಳ್ಳುವವರು ಮಾತ್ರ ಇವರ್ಯಾರೂ ಅಲ್ಲ. ಫಿಟ್ಸ್ ಥರ ಬಂದು ಬೀಳುವ, ಕಾಲು ಸ್ವಾಧೀನ ತಪ್ಪುವ, ಸ್ಕ್ಯಾನ್ ಮಾತ್ರ ನಾರ್ಮಲ್ ಬರುವ ಹೆಣ್ಣುಮಕ್ಕಳು. ಅವರು ಬೇಕೆಂದು ಮಾಡುವುದಿಲ್ಲ. ಆದರೂ ‘ನಾಟಕ’ ಅಂತ ಅಮೋನಿಯಾ ಮೂಗಿಗೆ ಹಿಡಿದು ಎಬ್ಬಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಯಾರಿಗೆ ದಂಡ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ತಾಪತ್ರಯ. ದೊಡ್ಡ ಕಾಯಿಲೆ ಅಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ. ಒಂದೊಂದು ಕಡೆ ಹೊಸ ಚೀಟಿ, ಹೊಸ ಸ್ಕ್ಯಾನ್, ಕೆಲವೊಮ್ಮೆ ಬೇಡದ ಆಪರೇಷನ್ನೂ. ಹಿಂದಿನ ಕಡೆ ಏನಾಯಿತು ಎಂದು ಮುಂದಿನವರಿಗೆ ಗೊತ್ತೇ ಆಗುವುದಿಲ್ಲ. ಸುಳ್ಳು ಹೇಳುವವರಿಗೆ ಇದಕ್ಕಿಂತ ಅನುಕೂಲ ಬೇಕಾ? ನಿಜವಾದ ಕಾಯಿಲೆ ಇರುವವರು ‘ಎಲ್ಲ ರಿಪೋರ್ಟೂ ನಾರ್ಮಲ್, ಮನೆಗೆ ಹೋಗಿ’ ಅನ್ನಿಸಿಕೊಂಡು ತಿರುಗುವುದೂ ಇದೇ ಕಾರಣಕ್ಕೆ. ದಂಡ ಹಾಕಿದರೆ ಮರುದಿನ ಬೆಳಗಿನ ಬಸ್ಸಿಗೆ ಬೇರೆ ಊರಿಗೆ ಹೋಗಿ ಇನ್ನೊಂದು ಚೀಟಿ ಮಾಡಿಸುತ್ತಾರೆ, ಅಷ್ಟೇ ಅಲ್ವಾ?

ದಂಡದ ಬದಲು ಇಂಥವರಿಗೆ ಒಬ್ಬರೇ ಡಾಕ್ಟರು, ಒಂದೇ ಫೈಲು ಇರಲಿ. ನೋವಿರಲಿ ಬಿಡಲಿ, ಇಂಥ ದಿನ ಬನ್ನಿ ಎಂದು ತಾರೀಕು ಕೊಡಲಿ. ಆಗ ಡಾಕ್ಟರನ್ನು ಕಾಣಲು ಹೊಸ ಕಾಯಿಲೆ ಹುಟ್ಟಿಸಬೇಕಿಲ್ಲ. ಬೇಡದ ಸೂಜಿ, ಚಾಕು ಬೇಡ. ಕಾಯಿಲೆ ಅವರೇ ಹುಟ್ಟಿಸಿಕೊಂಡದ್ದು ಎಂಬ ಮಾತನ್ನು ಪಕ್ಕದ ಬೆಡ್ಡಿನವರ ಎದುರು ಹೇಳದೆ, ಮಾನಸಿಕ ತಜ್ಞರನ್ನು ಜೊತೆಗೆ ಕೂರಿಸಿಕೊಂಡು, ಒಪ್ಪಿಕೊಳ್ಳಲೇಬೇಕು ಎಂದು ಹಠ ಹಿಡಿಯದೆ ಹೇಳಲಿ. ಮಗುವಿಗೆ ತಾಯಿಯೋ ತಂದೆಯೋ ಕಾಯಿಲೆ ಹುಟ್ಟಿಸುತ್ತಿರುವ ಅನುಮಾನ ಬಂದರೆ ಮಾತ್ರ ಈ ಸಾವಧಾನ ಬೇಡ, ಮೊದಲು ಮಗುವನ್ನು ಕಾಪಾಡಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಪರೀಕ್ಷೆ ಮಾಡಿದೆವು, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಓದಲು ಬರುವ ಅಕ್ಷರದಲ್ಲಿ ಬರೆದುಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

– ನಿವೃತ್ತ ಸ್ಟಾಫ್ ನರ್ಸ್, ಕುಮಟಾ