ಮಂಜಂಗೆ, ಪಿಟ್ಸ್‌ಬರ್ಗಿಂದ

ಮಂಜ,

ಮೊನ್ನೆ ಫೋನಲ್ಲಿ 2024ರ ಅಮೆರಿಕ ಅಧ್ಯಕ್ಷರ ಚುನಾವಣೆ ಬಗ್ಗೆ "ಚುನಾವಣೆ ಮುಂಚೆ ಮಾಡೋ ಸರ್ವೆ, ಈ ಪೋಲ್ ಎಲ್ಲಾ ಬುರುಡೆ ಬಿಡೋ, ಸಮ ಸಮ ಅಂತಿದ್ರು, ಟ್ರಂಪ್ ಪೈಪೋಟಿಯಿದ್ದ ಏಳಕ್ಕೆ ಏಳೂ ರಾಜ್ಯ ಬಾಚ್ಕೊಂಡ್ರಲ್ಲ" ಅಂದ್ಯಲ್ಲ, ಆವಾಗ ಆಫೀಸಲ್ಲಿದ್ದೆ, ಸರಿಯಾಗಿ ಮಾತಾಡಕ್ಕಾಗ್ಲಿಲ್ಲ, ಆದ್ರೆ ಆ ಮಾತು ಇನ್ನೂ ತಲೇಲಿ ಕೊರೀತಾನೇ ಇದೆ.

ನಮ್ಮ ರಾಜ್ಯ ಪೆನ್ಸಿಲ್ವೇನಿಯಾದ 19 ಎಲೆಕ್ಟೋರಲ್ ವೋಟಿಗೆ (ಅಧ್ಯಕ್ಷರನ್ನ ಆರಿಸೋಕೆ ಒಂದೊಂದು ರಾಜ್ಯಕ್ಕೂ ಇರೋ ವೋಟು) ಇಲ್ಲಿ ಏನೆಲ್ಲಾ ನಡೀತು ಅಂತ ಕಣ್ಣಾರೆ ನೋಡಿದೀನಿ ಕಣೋ. ಅಕ್ಟೋಬರ್ ಪೂರ್ತಿ ಸಂಜೆ ಪೋಸ್ಟ್ ಡಬ್ಬ ತೆಗೆದ್ರೆ ಎರಡೂ ಪಾರ್ಟಿಯ ದಪ್ಪ ದಪ್ಪ ಹೊಳೆಯೋ ಕಾರ್ಡು, ಅದರ ಮಧ್ಯೆ ಕರೆಂಟ್ ಬಿಲ್ ಹುಡುಕ್ಬೇಕು. ನವೆಂಬರ್ 4ಕ್ಕೆ, ಅಂದ್ರೆ ವೋಟಿಂಗಿನ ಹಿಂದಿನ ದಿನ, ಡೆಮಾಕ್ರಟಿಕ್ ಪಾರ್ಟಿಯ ಹ್ಯಾರಿಸ್ಸೂ ರಿಪಬ್ಲಿಕನ್ ಪಾರ್ಟಿಯ ಟ್ರಂಪೂ ಇಬ್ರೂ ನಮ್ಮೂರಲ್ಲೇ ಸಭೆ ಮಾಡಿದ್ರು. ನಮ್ಮಕ್ಕ ಇರೋ ಕ್ಯಾಲಿಫೋರ್ನಿಯಾಕ್ಕೆ 54 ವೋಟಿದೆ, ಆದ್ರೂ ಅಲ್ಲಿ ಈ ಗದ್ದಲ ಇಲ್ಲ, ಯಾಕಂದ್ರೆ ಒಂದೇ ವೋಟು ಜಾಸ್ತಿ ಬಂದ್ರೂ ರಾಜ್ಯ ಪೂರ್ತಿ ಗೆದ್ದೋರಿಗೇ, ಅಲ್ಲಿ ಯಾರು ಗೆಲ್ತಾರೆ ಅಂತ ಮೊದ್ಲೇ ಗೊತ್ತು.

ಈಗ ಪೋಲ್ ವಿಷ್ಯಕ್ಕೆ ಬಾ. ಸಾವಿರ ಜನರನ್ನ ಕೇಳಿದ್ರೆ ಒಬ್ಬೊಬ್ಬ ಅಭ್ಯರ್ಥಿಯ ಲೆಕ್ಕದಲ್ಲೂ 3 ಪರ್ಸೆಂಟ್ ಆಚೀಚೆ ಆಗತ್ತೆ, ಇಬ್ಬರ ಅಂತರಕ್ಕೆ ಹೆಚ್ಚುಕಮ್ಮಿ ಅದರ ಡಬಲ್. ಇಲ್ಲಿ ಪೋಲ್‌ಗಳ ಸರಾಸರೀಲಿ ಇಬ್ಬರ ಅಂತರ ಒಂದು ಪರ್ಸೆಂಟಿನೊಳಗೇ ಇತ್ತು, ಟ್ರಂಪ್ ಗೆದ್ದಿದ್ದು 2 ಪರ್ಸೆಂಟಿಗಿಂತ ಕಮ್ಮೀಲಿ. ಇದನ್ನ ಬುರುಡೆ ಅಂದ್ರೆ ಹೆಂಗೋ? ಏಳೂ ಒಂದೇ ಕಡೆ ವಾಲಿದ್ದೂ ವಿಚಿತ್ರ ಅಲ್ಲ. ಪೋಲ್‌ನವರ ಕೈಗೆ ಸಿಗದ ಜನ ಮಿಷಿಗನ್ನಲ್ಲೂ ವಿಸ್ಕಾನ್ಸಿನ್ನಲ್ಲೂ ಇಲ್ಲೂ ಒಂದೇ ಥರದೋರು, ಹಂಗಾಗಿ ಒಂದು ಕಡೆ ತಪ್ಪಿದ್ರೆ ಎಲ್ಲಾ ಕಡೆನೂ ಅದೇ ದಿಕ್ಕಿಗೆ ತಪ್ಪತ್ತೆ. 2016ರಲ್ಲೂ ಈ ಮೂರು ರಾಜ್ಯದಲ್ಲಿ ಹಂಗೇ ಆಗಿದ್ದು, ಕಾಲೇಜು ಓದದೇ ಇರೋರು ಪೋಲ್‌ಗೆ ಕಮ್ಮಿ ಸಿಕ್ಕಿದ್ರು, ಎಷ್ಟೋ ಪೋಲ್‌ನವರು ಅದನ್ನ ಲೆಕ್ಕದಲ್ಲಿ ಸರಿಮಾಡಿರ್ಲಿಲ್ಲ. ಈ ಸಲ ನಿಜವಾಗ್ಲೂ ಎಡವಿದ್ದು ಅಂದ್ರೆ ಅಯೋವಾದ ಆ ಒಂದು ಪೋಲು, ಹ್ಯಾರಿಸ್ 3 ಪರ್ಸೆಂಟ್ ಮುಂದೆ ಅಂದಿತ್ತು, ಟ್ರಂಪ್ ಗೆದ್ದಿದ್ದು 13ರಲ್ಲಿ.

ಒಂದಿನ ಚಪಾತಿ ಹಿಟ್ಟು ಕಲಸ್ತಿದ್ದೆ, ಫೋನ್ ಬಂತು, ಹಿಟ್ಟಿನ ಕೈಲೇ ಎತ್ತಿದೆ. ಯಾರೋ ಚಿಕ್ಕ ಹುಡುಗಿ ಧ್ವನಿ, ಸರ್ವೆ, ಬರೀ ಐದು ನಿಮಿಷ ಅಂದ್ಳು. ಅವತ್ತಿಗದು ನಾಲ್ಕನೇ ಕಾಲ್, ಕಟ್ ಮಾಡ್ಬಿಟ್ಟೆ. ಆಮೇಲೆ ತುಂಬಾ ಬೇಜಾರಾಯ್ತು ಮಂಜ, ನೂರು ಜನಕ್ಕೆ ಫೋನ್ ಮಾಡಿದ್ರೆ ಉತ್ರ ಕೊಡೋರು ಒಬ್ರೋ ಇಬ್ರೋ, ನಮ್ಮಂಥೋರೆಲ್ಲಾ ಹಿಂಗೆ ಕಟ್ ಮಾಡ್ಬಿಟ್ರೆ ನಮ್ಮ ಲೆಕ್ಕ ಅವರಿಗೆ ಸಿಗೋದಾದ್ರೂ ಎಲ್ಲಿಂದ?

ಅಮ್ಮಂಗೆ ಕೇಳ್ದೆ ಅಂತ ಹೇಳು. ಭಾನುವಾರ ಫೋನ್ ಮಾಡ್ತೀನಿ.

ನಿನ್ನ
ಸತೀಶ