ಕೊಸರಿಗೆ ಹೋದ ಚಿತ್ರ

ಮೈಸೂರು,
2025ರ ನವೆಂಬರ್, ಭಾನುವಾರ ರಾತ್ರಿ

ಮಗಳೇ,

ಫೋನಿನಲ್ಲಿ ನಾನೊಂದು ಹೇಳಲು ಹೋದರೆ ನೀನು ಇನ್ನೊಂದು ಕೇಳಿಸಿಕೊಳ್ಳುತ್ತೀಯೆ, ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡುತ್ತೇವೆ. ಅದಕ್ಕೇ ಕಾಗದ. ಅಂಗಡಿಯ ಹಳೆಯ ಬಿಲ್ ಪುಸ್ತಕದಲ್ಲಿ ಹಾಳೆಗಳು ಉಳಿದಿದ್ದವು, ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ನಿನ್ನ ಚಿತ್ರಗಳ ಅಂಗಡಿಗೆ ಶ್ರೀರಂಗಪಟ್ಟಣದಿಂದ ಬಂದ ಆರ್ಡರ್ ನನ್ನದೇ. ನಿನ್ನೆ ಸುತ್ತಿ ಬಳಸಿ ಏನೇನೋ ಹೇಳಿದೆ, ಈಗ ಒಪ್ಪಿಕೊಳ್ಳುತ್ತೇನೆ. ಹೆಸರು, ವಿಳಾಸ ನಮ್ಮಲ್ಲಿ ಪಾಲಿಶ್ ಕೆಲಸಕ್ಕಿದ್ದ ಹುಡುಗನದು. 3,200 ರೂಪಾಯಿ ನನ್ನದು. ಪಾರ್ಸೆಲ್ ತಲುಪಿತೇ ಎಂದು ನೀನು ಕೇಳಿದ್ದಕ್ಕೆ "ತಲುಪಿತು ಪುಟ್ಟಕ್ಕ, ಯಜಮಾನರಿಗೆ ಕೊಟ್ಟು ಬಂದೆ" ಎಂದುಬಿಟ್ಟನಂತೆ. ಅವನನ್ನು ಬೈಯಬೇಡ. ಹೇಳಿಕೊಟ್ಟ ಸುಳ್ಳನ್ನು ಒಂದು ವಾರ ನೆನಪಿಟ್ಟುಕೊಂಡದ್ದೇ ಅವನ ಮಟ್ಟಿಗೆ ಹೆಚ್ಚು.

"ನನಗೆ ಗಿರಾಕಿ ಬೇಕು ಅಪ್ಪಾ, ಕನಿಕರ ಪಡುವವರು ಬೇಡ" ಎಂದೆ. ಆ ಮಾತು ನ್ಯಾಯವೇ. ಆದರೆ ಅದರ ಬೆನ್ನಿಗೇ ಸಂಕ್ರಾಂತಿಯ ಹೊತ್ತಿಗೆ ಅಂಗಡಿ ಮುಚ್ಚಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಲು ಹೋಗುತ್ತೇನೆ ಎಂದೆಯಲ್ಲ, ಅದು ನಿದ್ದೆ ಕೆಡಿಸಿತು. ಟೀಚರ್ ಕೆಲಸ ಕೀಳೆಂದಲ್ಲ. ನಿನ್ನ ಅಮ್ಮನ ಸಂಬಳವಿಲ್ಲದಿದ್ದರೆ ಆ ಎರಡು ವರ್ಷ ಈ ಮನೆ ಏನಾಗುತ್ತಿತ್ತು ಎಂಬುದು ನಿನಗೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ವರ್ಷ ವ್ಯಾಪಾರ ಬಿದ್ದದ್ದಕ್ಕೆ ನಿನ್ನ ಕೈ ಕಾರಣವಲ್ಲ. ನಿನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅಮೆರಿಕದಲ್ಲಿರುವ ನಮ್ಮವರು. 800 ಡಾಲರಿನೊಳಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ವಿನಾಯಿತಿಯನ್ನು ಆ ಸರ್ಕಾರ ಆಗಸ್ಟ್ 29ಕ್ಕೆ ತೆಗೆಯಿತು. ಸುಂಕವನ್ನು ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಎಂಬುದು ಇತ್ಯರ್ಥವಾಗದೆ ನಮ್ಮ ಅಂಚೆಯಲ್ಲಿ 25ರಿಂದಲೇ ಅಲ್ಲಿಗೆ ಪಾರ್ಸೆಲ್ ನಿಂತಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಅಷ್ಟರಲ್ಲಿ ಗೌರಿ ಗಣೇಶ ಹೋಯಿತು, ದಸರಾ ಹೋಯಿತು, ದೀಪಾವಳಿಗೆ ಐದೇ ದಿನ. ಮಂಡ್ಯದ ಮಹಡಿಯ ಕೋಣೆಯಿಂದ ಹೊರಟ ಗಜಲಕ್ಷ್ಮಿ ಐದು ದಿನದಲ್ಲಿ ನ್ಯೂಜೆರ್ಸಿಯ ದೇವರ ಮನೆ ಸೇರುತ್ತಾಳೆಯೇ? ಇತ್ತ ಚಿನ್ನ ಹತ್ತು ಗ್ರಾಂಗೆ 1 ಲಕ್ಷ ದಾಟಿತು. ಆದರೂ ನೀನು ಚಿನ್ನದ ರೇಕಿನ ಬದಲು ಡಬ್ಬಿಯ ಬಂಗಾರದ ಬಣ್ಣ ಬಳಿಯಲಿಲ್ಲ. ಇದನ್ನು ನಿನ್ನೆದುರು ಹೇಳಿದ್ದೇನೋ ಇಲ್ಲವೋ, ಅಂಗಡಿಗೆ ಬರುತ್ತಿದ್ದ ಎಲ್ಲರ ಎದುರೂ ಹೇಳಿದ್ದೇನೆ.

ಬುದ್ಧಿವಾದ ಬೇಡವೆಂದುಕೊಂಡೇ ಕುಳಿತೆ. ಆದರೂ ಒಂದು ಮಾತು. ನೀನು ತೆಗೆಯುವ ಫೋಟೋದಲ್ಲಿ ಚಿನ್ನದ ರೇಕು ಸಾಸಿವೆಯ ಬಣ್ಣಕ್ಕೆ ತಿರುಗುತ್ತದೆ. ತಂಜಾವೂರಿನ ಚಿತ್ರವಾದರೆ ದಪ್ಪ ಉಬ್ಬು, ಹರಳು ಎಲ್ಲ ಇರುತ್ತದೆ, ಹೇಗೆ ತೆಗೆದರೂ ಎದ್ದು ಕಾಣುತ್ತದೆ. ನಮ್ಮ ಮೈಸೂರಿನ ಚಿತ್ರದಲ್ಲಿ ರೇಕಿನಡಿಯ ಜೆಸ್ಸೊ ಲೇಪ ತೆಳುವು, ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಉಬ್ಬು ತಿಳಿಯುವುದು. ಬೆಳಗಿನ ಏಳು ಗಂಟೆಗೆ ಕಿಟಕಿಯ ಬದಿಗಿಟ್ಟು ತೆಗೆ. ಪಕ್ಕದಲ್ಲಿ ಒಂದು ವೀಳ್ಯದೆಲೆ ಇಡು, ಅಳತೆ ಗೊತ್ತಾಗುತ್ತದೆ. ಇನ್ನೊಂದು, ಕಟ್ಟು ಹಾಕದೆ ಮಾರಬೇಡ. ನನ್ನ ಕಸುಬಿನ ಮಾತೆಂದು ನಗುತ್ತೀಯೆ, ನಗು. ಸುರುಳಿ ಸುತ್ತಿ ಬೀರುವಿನೊಳಗೆ ಹೋದ ಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಗೋಡೆಗೆ ಏರಿದ್ದನ್ನು ಮನೆಗೆ ಬಂದ ನಾಲ್ಕು ಜನ ಎಲ್ಲಿಯದೆಂದು ಕೇಳುತ್ತಾರೆ. ಮೂರನೆಯದು, ದೀಪಾವಳಿಗೆ ನೀನು ಹಾಕಿದ ಶೇಕಡಾ 40ರ ರಿಯಾಯಿತಿ. ಅದರ ಹಿಂದಿನ ತಿಂಗಳು ಪೂರಾ ಬೆಲೆ ಕೊಟ್ಟವರು ಅದನ್ನು ನೋಡಿದರೆ ಏನೆಂದುಕೊಳ್ಳಬೇಕು? ಬೆಲೆ ಇಳಿಸಿದವನ ಕೈಕೆಲಸವೂ ಇಳಿಯಿತೆಂದೇ ಜನ

ಇಲ್ಲ, ಇದನ್ನು ಇಲ್ಲಿಗೇ ಬಿಡುತ್ತೇನೆ. ಬೆಲೆಯ ಬಗ್ಗೆ ನಿನಗೆ ಪಾಠ ಹೇಳಲು ನನಗೆ ಬಾಯಿಯಿಲ್ಲ. ಬರೆಯಲು ಕುಳಿತದ್ದೇ ಆ ಕಾರಣಕ್ಕೆ.

2003. ಶಿವರಾಂಪೇಟೆಯ ಅಂಗಡಿ. ಜಗನ್ಮೋಹನ ಅರಮನೆಯ ಆ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿಬಂದು ನೀನು ಬರೆದ ಚಿತ್ರ ನನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿತ್ತು. ಬೆರಳ ಸಂದಿಯಿಂದ ಬೆಳಕು ಬರುವುದನ್ನು ಹೇಗೆ ತೋರಿಸುವುದೆಂದು ತಿಳಿಯದೆ ಬೆರಳಿಗೆಲ್ಲ ಅಮ್ಮನ ಕುಂಕುಮ ಮೆತ್ತಿದ್ದೆ. ಅರಮನೆಯ ಆ ಚಿತ್ರದ ಮುದ್ರಿತ ಪ್ರತಿಗೆ ಕಟ್ಟು ಹಾಕಿಸಲು ಬಂದವರೆಲ್ಲ ಮೂಲ ಚಿತ್ರವನ್ನು ರವಿವರ್ಮರದು ಎನ್ನುತ್ತಿದ್ದರು. ಅಲ್ಲ ಸ್ವಾಮಿ, ಹಳದಣಕರ್ ಎಂಬವರದು, ಜಲವರ್ಣ, ಸ್ವಂತ ಮಗಳು ಗೀತಾಳನ್ನೇ ನಿಲ್ಲಿಸಿಕೊಂಡು ಬರೆದದ್ದು ಎಂದು ನಾನು ತಿದ್ದುತ್ತಿದ್ದೆ. ಕೆಲವರು ಮುಖ ಗಂಟಿಕ್ಕಿಕೊಂಡು ಪಕ್ಕದ ಅಂಗಡಿಗೆ ಹೋಗಿದ್ದೂ ಉಂಟು. ಆ ಗೀತಾ ತಮ್ಮ 102ನೆಯ ವಯಸ್ಸಿನಲ್ಲಿ, 2018ರಲ್ಲಿ ತೀರಿಕೊಂಡಾಗ ಪತ್ರಿಕೆಯ ತುಂಡು ಕತ್ತರಿಸಿ ನಿನಗೆ ಕಳುಹಿಸಿದ್ದೆ. ನೋಡು, ಹೇಳಬೇಕಾದ್ದನ್ನು ಬಿಟ್ಟು ಎಲ್ಲೆಲ್ಲೋ ಸುತ್ತುತ್ತಿದ್ದೇನೆ.

ಒಬ್ಬರು ಗೃಹಪ್ರವೇಶಕ್ಕೆಂದು ಆರು ಫೋಟೋಗಳಿಗೆ ಕಟ್ಟು ಹಾಕಿಸಿದ್ದರು. ಬೂದು ಸಫಾರಿ, ಕಂಕುಳಲ್ಲಿ ಚರ್ಮದ ಚೀಲ. ಚೌಕಾಸಿ ಮಾಡಿದರು, ನಾನು ಬಗ್ಗಲಿಲ್ಲ. ಆಗ ಗೋಡೆಯ ಕಡೆ ಕೈ ತೋರಿಸಿ, "ಅದನ್ನಾದರೂ ಕೊಸರಿಗೆ ಕೊಡಿ, ಮೊಮ್ಮಗಳು ಆಡಿಕೊಳ್ಳುತ್ತಾಳೆ" ಎಂದರು. ಆ ತಿಂಗಳು ಗಾಜಿನವರಿಗೆ ಬಾಕಿಯಿತ್ತು, ಬಾಡಿಗೆಯೂ ಬಾಕಿ. ಆರು ಕಟ್ಟಿನ ದುಡ್ಡು ಒಂದೇ ಸಲ ಕೈಗೆ ಬರುವುದಿತ್ತು. ತೆಗೆದುಕೊಟ್ಟೆ. ಕೊಡುವಾಗ ಹಿಂದುಮುಂದು ಕೂಡ ನೋಡಲಿಲ್ಲ. "ಮಕ್ಕಳ ಕೆಲಸ, ಅದಕ್ಕೇನಂತೆ" ಎಂದೂ ಅಂದೆ. ಆ ಮಾತನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ ಈಗ ಅದು ನನ್ನ ದನಿಯಲ್ಲಿಯೇ ಕೇಳಿಸುವುದಿಲ್ಲ.

ಸಂಜೆ ಶಾಲೆಯಿಂದ ಬಂದು ಖಾಲಿ ಮೊಳೆ ನೋಡಿದೆ. ಅಳುತ್ತೀಯೆ ಎಂದು ಕಾದೆ. ನೀನು ಬ್ಯಾಗನ್ನೂ ಇಳಿಸದೆ, "ಅಪ್ಪಾ, ಎಷ್ಟಕ್ಕೆ ಹೋಯಿತು?" ಎಂದೆ. ಮಾರಾಟವಾಗಿರಬಹುದೆಂಬುದೊಂದೇ ನಿನ್ನ ತಲೆಗೆ ಹೊಳೆದದ್ದು. ನಾನು ಗಲ್ಲಾಪೆಟ್ಟಿಗೆ ತೆರೆದು ನೂರರ ನೋಟು ತೆಗೆದು ನಿನ್ನ ಕೈಗಿಟ್ಟೆ.

ಅದು ಮಾರಾಟವಾಗಿರಲಿಲ್ಲ ಮಗಳೇ. ಆ ನೂರು ರೂಪಾಯಿ ಗಾಜಿನ ಬಾಕಿಯದು.

ಮರುದಿನ ಹೇಳೋಣವೆಂದುಕೊಂಡೆ. ಮರುದಿನ ನೀನು ಆ ನೋಟಿಗೆ ಕಟ್ಟು ಹಾಕಿಕೊಡು ಎಂದು ಬಂದೆ. ಹಾಕಿಕೊಟ್ಟೆ, ತೇಗದ ಪಟ್ಟಿಯಲ್ಲಿ. ಮದುವೆಯಾಗಿ ಮಂಡ್ಯಕ್ಕೆ ಹೋಗುವಾಗ ಸೀರೆಗಳ ನಡುವೆ ಇಟ್ಟುಕೊಂಡು ಹೋದೆ. 2016ರಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದಾಗ ನೂರರ ನೋಟು ಉಳಿಯಿತಲ್ಲ ಅಪ್ಪಾ ಎಂದು ಫೋನ್ ಮಾಡಿ ನಕ್ಕೆ. ಅಂಗಡಿ ತೆರೆದಾಗ ನಿನ್ನ ಪರಿಚಯದ ಮೊದಲ ಸಾಲೇ ಅದು: ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನ ಅಂಗಡಿಯಲ್ಲಿ ನನ್ನ ಮೊದಲ ಚಿತ್ರ ನೂರು ರೂಪಾಯಿಗೆ ಮಾರಾಟವಾಯಿತು. ನಿನ್ನ ಅಮ್ಮನಿಗೆ ಮೊದಲಿನಿಂದ ಗೊತ್ತು. "ನೀವು ಹೇಳದೆ ನಾನು ಹೇಳುವುದಿಲ್ಲ" ಎಂದು ಇಪ್ಪತ್ತೆರಡು ವರ್ಷ ಬಾಯಿ ಹೊಲಿದುಕೊಂಡಿದ್ದಾಳೆ. ನಿನ್ನೆ ನೀನು ಫೋನ್ ಇಟ್ಟ ಮೇಲೆ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಮೊದಲ ಸಲ ಗಿರಾಕಿ ಇಲ್ಲದೆ ದುಡ್ಡು ಕೊಟ್ಟೆ, ಈ ಸಲ ಗಿರಾಕಿಯನ್ನೂ ನಾನೇ ಮಾಡಿಕೊಟ್ಟೆ. ಎರಡು ಸಲವೂ ನಿನ್ನ ಮುಖ ಬಾಡುವುದನ್ನು ನೋಡಲಾರದೆ ಮಾಡಿದ್ದು ಎಂದರೆ ನೀನು ನಂಬಬಹುದು. ಆದರೆ ಅದು ಅರ್ಧ ಮಾತ್ರ. ಮೊದಲನೆಯ ಸಲ ನನ್ನ ಮುಖ ಉಳಿಸಿಕೊಳ್ಳುವುದೂ ಇತ್ತು.

ಇನ್ನು ನಡುವಿನ ಗಿರಾಕಿಗಳು. ಇವರಲ್ಲಿ ಅಪ್ಪ ಕಳುಹಿಸಿದವರು ಎಷ್ಟು ಮಂದಿ ಎಂಬ ಅನುಮಾನ ನಿನಗೆ ಬಂದಿರುತ್ತದೆ, ಬರಬೇಕಾದದ್ದೇ. ಒಬ್ಬರೂ ಇಲ್ಲ. ನನ್ನ ಮಾತಿಗೆ ಈಗ ಬೆಲೆಯಿಲ್ಲವೆಂದಾದರೆ ಅಮ್ಮನನ್ನು ಕೇಳು, ನನ್ನ ಬ್ಯಾಂಕ್ ಪಾಸ್‌ಪುಸ್ತಕ ಅವಳ ಬೀರುವಿನಲ್ಲಿದೆ.

ಪಾರ್ಸೆಲ್ ಬಿಚ್ಚಿಲ್ಲ, ಮೇಜಿನ ಮೇಲಿದೆ. ಮೂಲೆಗಳಿಗೆ ನೀನು ರಟ್ಟು ಮಡಿಸಿ ಕೊಟ್ಟಿರುವ ರೀತಿ ಹೊರಗಿನಿಂದಲೇ ಗೊತ್ತಾಗುತ್ತದೆ, ನನಗೂ ಅಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ. ಬೇರೆ ಯಾರಾದರೂ ಕೇಳಿದರೆ ವಾಪಸು ಕಳುಹಿಸುತ್ತೇನೆ. ನನಗೇ ಮಾರುವುದಾದರೆ ಪೂರಾ ಬೆಲೆ ಹಾಕು, ಆ ದೀಪಾವಳಿಯ ದರ ಬೇಡ. ಶಾಲೆಯವರಿಗೆ ನೀನು ಏನು ಹೇಳುತ್ತೀಯೋ ಅದು ನಿನ್ನ ಇಷ್ಟ. ನಾನು ಕೇಳುವುದಿಲ್ಲ ಎಂದು ಬರೆಯಬಹುದು, ಕೇಳದೆ ಇರಲಾರೆ.

ಆ ನೋಟನ್ನು ಗೋಡೆಯಿಂದ ತೆಗೆಯುವುದಾದರೆ ಮುಂದಿನಿಂದ ಎಬ್ಬಬೇಡ. ಹಿಂದಿನ ಕಾಗದ ಹರಿದರೆ ನಾಲ್ಕು ಸಣ್ಣ ಮೊಳೆಗಳಿವೆ, ಇಕ್ಕಳದಲ್ಲಿ ಒಂದೊಂದಾಗಿ ಎಳೆ. ಗಾಜು ಹಳೆಯದು, ತೆಳುವಾಗಿದೆ, ಬೆರಳು ಜೋಪಾನ.

ನಿನ್ನ ಅಪ್ಪ