ಹಸಿ ನೆಲಕ್ಕೆ ಹೊಡೆದ ಸೀಲರ್ ಕಿತ್ತು ಬರುತ್ತಿರುವ ಬಗ್ಗೆ ದೂರು

ಹುಬ್ಬಳ್ಳಿ
ಜುಲೈ 22

ವ್ಯವಸ್ಥಾಪಕರಿಗೆ,

ಮಾನ್ಯರೇ,

ಕುಸುಗಲ್ ರಸ್ತೆಯ ನಮ್ಮ ಹೊಸ ಮನೆಯ ಪಡಸಾಲಿ ಮತ್ತು ದೇವರ ಕೋಣೆ ಸೇರಿ 620 ಚದರ ಅಡಿ ಕಾಂಕ್ರೀಟ್ ನೆಲಕ್ಕೆ ಬಣ್ಣ ಬರಿಸುವ ಆಸಿಡ್ ಸ್ಟೇನ್ ಹಾಕಿ, ಅದರ ಮೇಲೆ ನೆಲ ಕಾಯುವ ಪಾರದರ್ಶಕ ಪದರವಾದ ಸೀಲರ್ ಹೊಡೆಯುವ ಕೆಲಸ ನಿಮಗೆ ಒಪ್ಪಿಸಿದ್ದೆ. ಚದರ ಅಡಿಗೆ 85 ರೂಪಾಯಿಯಂತೆ ಒಟ್ಟು 52,700. ಅದರಲ್ಲಿ 40,000 ಕೊಟ್ಟಿದ್ದೇನೆ. ಕೆಲಸ ಮುಗಿದು ಆರು ವಾರವೂ ಆಗಿಲ್ಲ, ನೆಲದ ಮೇಲಿನ ಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳುತ್ತಿದೆ. ಏಳದೇ ಉಳಿದ ಕಡೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿದೆ.

ಬಣ್ಣ ಒಂದೇ ಸಮ ಬಂದಿಲ್ಲ ಎಂಬುದು ನನ್ನ ದೂರಲ್ಲ. ಸ್ಟೇನ್‌ನಲ್ಲಿರುವ ಆಸಿಡ್ ಮತ್ತು ಲೋಹದ ಲವಣಗಳು ಕಾಂಕ್ರೀಟಿನ ಸುಣ್ಣದ ಜೊತೆ ಕೂಡಿ ಬಣ್ಣ ಹುಟ್ಟುತ್ತದೆ, ಹಾಗಾಗಿ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಆಗುವುದು ಸಹಜ ಎಂದು ತಿಳಿದೇ ಒಪ್ಪಿದ್ದೆ. ಅವ್ವ ಹುಟ್ಟಿ ಬೆಳೆದ ಮನೆಯ ಕಾವಿ ನೆಲದ ನೆನಪಿಗೆ ಹತ್ತಿರವಾಗಲಿ ಎಂದೇ ಆ ಕೆಂಗಂದು ಬಣ್ಣ ಆರಿಸಿದ್ದು.

ತಪ್ಪಾಗಿದ್ದು ಅವಸರದಲ್ಲಿ. ಕಾಂಕ್ರೀಟ್ ಹಾಕಿದ್ದು ಮೇ 24ಕ್ಕೆ. ನಿಮ್ಮ ಹುಡುಗರು ಬಂದಿದ್ದು ಜೂನ್ 10ಕ್ಕೆ, ಅಂದರೆ 17ನೇ ದಿನ. ನಮ್ಮ ಗೌಂಡಿಯೇ 28 ದಿನ ಬಿಡಿ ಎಂದಿದ್ದರು. ನಿಮ್ಮ ಮೇಸ್ತ್ರಿಗೆ ಅದನ್ನು ಹೇಳಿದರೆ, "ಏನೂ ಆಗೂದಿಲ್ರೀ ಅಕ್ಕಾರ, ಮ್ಯಾಲೆ ಒಣಗೇತಿ" ಎಂದರು. ಮೇಲೆ ಒಣಗಿತ್ತು, ಒಳಗಲ್ಲ. ನಮ್ಮದು ಎರೆಮಣ್ಣಿನ ಜಾಗ, ತೇವ ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ ಎಂದು ಮೊದಲೇ ತಿಳಿಸಿದ್ದೆ. ಆದರೂ ತೇವ ಪರೀಕ್ಷೆ ಮಾಡಲೇ ಇಲ್ಲ.

ಆ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಈ ತಿಂಗಳ 12ರಂದು ಸೀಲರ್ ಕಿತ್ತುಹೋದ ಜಾಗದಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ನಾನೇ ನೋಡಿದೆ. ಸಂಜೆ 6ಕ್ಕೆ ಹಾಕಿದ್ದು, ಮರುದಿನ ಮಧ್ಯಾಹ್ನ 12ಕ್ಕೆ ತೆಗೆದರೆ ಹಾಳೆಯ ಕೆಳಗೆ ನೀರಿನ ಹನಿ, ನೆಲ ಕಪ್ಪಗೆ. ಜುಲೈನಲ್ಲಿ ಹೀಗಿದ್ದರೆ ಜೂನ್ 10ಕ್ಕೆ ಹೇಗಿದ್ದಿರಬೇಕು?

ಇನ್ನೂ ಎರಡು ಲೋಪಗಳಿವೆ. ಸ್ಟೇನ್ ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ, ಆಸಿಡ್ ಅಂಶ ಹೋಗುವಂತೆ ಮಾಡಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ನಿಮ್ಮವರು ಒಂದೇ ಸಲ ಬರೀ ನೀರು ಹಾಕಿ ಒರೆಸಿದರು. ಈಗಲೂ ಕಿತ್ತ ಜಾಗಕ್ಕೆ ಬಿಳಿ ಬಟ್ಟೆ ತಿಕ್ಕಿದರೆ ಕೆಂಪು ಪುಡಿ ಬರುತ್ತದೆ. ಅಂಥ ಪುಡಿಯ ಮೇಲೆ ಸೀಲರ್ ಹಿಡಿಯುವುದಾದರೂ ಹೇಗೆ? ಎರಡನೆಯದು, ಸ್ಟೇನ್ ಹಾಕಿದ ಮರುದಿನ ಜಿಟಿಜಿಟಿ ಮಳೆಯಲ್ಲೇ ಎರಡು ತೆಳು ಕೋಟ್ ಬದಲು ಒಂದೇ ದಪ್ಪ ಕೋಟ್ ಹೊಡೆದು ಹೋದರು. ಆಸಿಡ್ ಕೆಲಸಕ್ಕೆ ಬಂದ ಆ ಹುಡುಗರ ಕೈಗೆ ಗ್ಲೌಸ್ ಕೂಡ ಇರಲಿಲ್ಲ. ನಮ್ಮ ಮನೆಯಲ್ಲಿದ್ದ ಗ್ಲೌಸ್ ನಾನೇ ಕೊಟ್ಟೆ. ಇದು ನನ್ನ ನೆಲಕ್ಕಿಂತ ದೊಡ್ಡ ವಿಷಯ, ದಯವಿಟ್ಟು ಗಮನಿಸಿ.

ಫೋನ್ ಮಾಡಿದಾಗ "ಮೇಲೊಂದು ಕೋಟ್ ಹೊಡೆದು ಕೊಡ್ತೀವಿ" ಎಂದಿರಿ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಅದೂ ಹೀಗೇ ಏಳುತ್ತದೆ. ಈಗಿರುವ ಸೀಲರ್ ಪೂರ್ತಿ ತೆಗೆಯಿರಿ, ನೆಲವನ್ನು ಸೋಡಾ ನೀರಿನಿಂದ ತೊಳೆಯಿರಿ. ಮಳೆಗಾಲ ಮುಗಿಯಲಿ, ಹಾಳೆಯ ಪರೀಕ್ಷೆ ನನ್ನ ಎದುರಿಗೇ ಮಾಡಿ, ಒಣಗಿದ್ದು ಖಾತ್ರಿಯಾದ ಮೇಲೆ ತೇವ ಹೊರಬಿಡುವ ಸೀಲರ್ ಅನ್ನು ತೆಳ್ಳಗೆ ಎರಡು ಕೋಟ್ ಹೊಡೆಯಿರಿ. ಬಾಕಿ 12,700 ರೂಪಾಯಿಯನ್ನು ಅಂದೇ ಕೊಡುತ್ತೇನೆ. ಆಗುವುದಿಲ್ಲ ಎಂದಾದರೆ ನನ್ನ 40,000 ವಾಪಸ್ ಕೊಡಿ.

15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಅವ್ವನಿಗೆ ಎಪ್ಪತ್ತಾರು ವರ್ಷ. ಏಳುತ್ತಿರುವ ಚೂರುಗಳು ಕಾಲಿಗೆ ಚುಚ್ಚುತ್ತವೆ ಎಂದು ದೇವರ ಕೋಣೆಯಲ್ಲಿ ಗೋಣಿಚೀಲ ಹಾಸಿ ಕೂರಿಸುತ್ತಿದ್ದೇನೆ. ಆದಷ್ಟು ಬೇಗ ಬಂದು ನೋಡಿ.

ಇಂತಿ ತಮ್ಮ ವಿಶ್ವಾಸಿ,
ಮನೆಯ ಮಾಲೀಕಳು

ಲಗತ್ತು: ಬಿಲ್ಲಿನ ಪ್ರತಿ, ಹಣ ಕೊಟ್ಟ ರಸೀದಿ, ನೆಲದ ಮತ್ತು ಪ್ಲಾಸ್ಟಿಕ್ ಹಾಳೆಯ ಫೋಟೋಗಳು